ಬೇಸಿಗೆ ರಜೆಯಲ್ಲಿ ಹರೆಯದವರ ಓದುಕೂಟ: ನಾನು ನಡೆಸುವ ರೀತಿ

ಯಾದಗಿರಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹತ್ತು ಗಂಟೆ ದಾಟಿದರೆ ಮಕ್ಕಳು ಹೊರಗೆ ಬರುವ ಬಿಸಿಲಲ್ಲ. ಅದಕ್ಕೇ ಪಂಚಾಯ್ತಿ ಗ್ರಂಥಾಲಯದ ಓದುಕೂಟವನ್ನು 7.30ಕ್ಕೆ ಶುರು ಮಾಡಿ 9ಕ್ಕೆ ಮುಗಿಸುತ್ತೇನೆ. ಎಂಟನೇ ತರಗತಿಯಿಂದ ಪಿಯುಸಿವರೆಗಿನ 10–12 ಮಕ್ಕಳು ಸಾಕು. ಹೆಚ್ಚಾದರೆ ನಾಲ್ಕು ಮಂದಿಯೇ ಮಾತಾಡುತ್ತಾರೆ. ತಾಂಡಾದವರು, ಕೇರಿಯವರು, ಉರ್ದು ಶಾಲೆಯವರು, ಮನೆಯಲ್ಲಿ ತೆಲುಗು ಆಡುವವರು ಎಲ್ಲರೂ ಇರಬೇಕು. ಕರೆಯದೆ ಅವರು ಬರುವುದಿಲ್ಲ, ಓಣಿ ಓಣಿಗೆ ಹೋಗಿ ಕರೆಯಬೇಕು.

ಮೊದಲ 20 ನಿಮಿಷ ನಾನೇ ಗಟ್ಟಿಯಾಗಿ ಓದುತ್ತೇನೆ. ಒಂಬತ್ತನೇ ತರಗತಿಗೆ ಬಂದರೂ ಸರಾಗವಾಗಿ ಓದಲು ಬಾರದ ಮಕ್ಕಳಿದ್ದಾರೆ. ಅವರನ್ನು ಎಲ್ಲರೆದುರು ಓದಿಸಿದರೆ ಮರುದಿನ ಮುಖ ತೋರಿಸುವುದಿಲ್ಲ.

ಶುರುವಿಗೆ ಗೀತಾ ನಾಗಭೂಷಣ ಅವರ ‘ಬದುಕು’. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿ ದೊಡ್ಡದು, ಆದ್ದರಿಂದ ಮಾತುಕತೆ ಹೆಚ್ಚಿರುವ ಐದಾರು ಪುಟ ಮಾತ್ರ ಆರಿಸುತ್ತೇನೆ. ಕಲಬುರಗಿ ಸೀಮೆಯ ಮಾತು ಕಿವಿಗೆ ಬಿದ್ದಕೂಡಲೇ ಮಕ್ಕಳು ನೆಟ್ಟಗೆ ಕೂಡುತ್ತಾರೆ. “ನಾವ್ ಮಾತಾಡೋದು ಬುಕ್ಕಿನ್ಯಾಗ ಬರ್ತದೇನ್ರಿ?” ನಮ್ಮ ಮಾತು ಒರಟು ಎಂದು ಕೇಳಿ ಕೇಳಿ ಬೆಳೆದ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ಮುಂದಿನದು ಸೂಕ್ಷ್ಮ. ತಲಾಖಿಗೆ ಸಿಕ್ಕ ಮುಸ್ಲಿಂ ಹೆಣ್ಣಿನ ಕಥೆ ಹೇಳುವ ಸಾರಾ ಅಬೂಬಕ್ಕರ್ ಅವರ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ ಒಂದನ್ನೇ ಕೊಟ್ಟರೆ “ಅವ್ರ ಮಂದ್ಯಾಗ ಹಿಂಗೇ” ಎಂದು ಒಬ್ಬರು ಅನ್ನುತ್ತಾರೆ, ಎಲ್ಲರ ಕಣ್ಣು ಅಲ್ಲಿ ಕೂತ ಮುಸ್ಲಿಂ ಹುಡುಗಿಯ ಮೇಲೆ ಬೀಳುತ್ತದೆ. ಅದೇ ವಾರ ಅರವಿಂದ ಮಾಲಗತ್ತಿ ಅವರ ದಲಿತ ಆತ್ಮಕಥನ ‘ಗೌರ್ಮೆಂಟ್ ಬ್ರಾಹ್ಮಣ’ದ ಶಾಲೆಯ ಪ್ರಸಂಗಗಳನ್ನೂ ಓದಬೇಕು. ಆಗ ಪ್ರಶ್ನೆ ಒಂದೇ ಮನೆಯ ಬಾಗಿಲಲ್ಲಿ ನಿಲ್ಲುವುದಿಲ್ಲ. ‘ಚಂದ್ರಗಿರಿ’ಯ ನಾಯಕಿ ನಾದಿರಾ ಕೊನೆಗೆ ಸಾವನ್ನು ಆರಿಸಿಕೊಳ್ಳುವುದರಿಂದ ಅದರ ಕಡೆಯ ಭಾಗವನ್ನು ಕೂಡಿಯೇ ಓದುತ್ತೇವೆ; ಮುಗಿದ ಮೇಲೆ ಅರ್ಧ ತಾಸು ಯಾರನ್ನೂ ಎಬ್ಬಿಸುವುದಿಲ್ಲ. ಮಗುವೊಂದು ತೀರ ಮೌನವಾದರೆ ಆಮೇಲೆ ಒಬ್ಬರನ್ನೇ ಮಾತಾಡಿಸಬೇಕು.

ಹೆಣ್ಣು–ಗಂಡಿನ ವಿಚಾರಕ್ಕೆ ನಮ್ಮ ಜಿಲ್ಲೆಯ ಮುದನೂರಿನ ಜೇಡರ ದಾಸಿಮಯ್ಯನೇ ಬಾಗಿಲು ತೆರೆಯುತ್ತಾನೆ. ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲ ಎನ್ನುವ ಅವನ ವಚನ ಓದಿದ ಮೇಲೆ ಲಿಂಗತ್ವ ಅಲ್ಪಸಂಖ್ಯಾತ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರ ಬದುಕಿನ ಮಾತಿಗೆ ಹೋಗುತ್ತೇನೆ. 2021ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಅವರ ಆತ್ಮಕಥನದಲ್ಲಿ ಹಿಂಸೆಯ ಪ್ರಸಂಗಗಳಿವೆ, 16 ದಾಟಿದವರಿಗೆ ಮಾತ್ರ ಪೂರ್ತಿ ಪುಸ್ತಕ.

ಚರ್ಚೆಗೆ ನಿಯಮ ಒಂದೇ: ಪಾತ್ರದ ಬಗ್ಗೆ ಮಾತು, ಪಕ್ಕದವರ ಬಗ್ಗೆ ಅಲ್ಲ. “ನಿಮ್ಮಲ್ಲಿ ಹೆಂಗದ?” ಎಂದು ನಾನೂ ಯಾರನ್ನೂ ಕೇಳುವುದಿಲ್ಲ. ಬಾಯಿಬಿಟ್ಟು ಕೇಳಲಾಗದ್ದನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಾರೆ. ಚೀಟಿಗಳನ್ನು ಮೊದಲು ಮನೆಯಲ್ಲಿ ಓದಿ, ಒಂದೇ ಮಗುವನ್ನು ಬೆರಳಿಟ್ಟು ತೋರಿಸುವಂಥವನ್ನು ಬದಿಗಿಡುತ್ತೇನೆ. ಅಕ್ಷರ ಗುರುತು ಸಿಗದಂತೆ ಉಳಿದವನ್ನು ನಾನೇ ಓದಿ ಹೇಳುತ್ತೇನೆ.

ದುಡಿಯಲು ಬೆಂಗಳೂರು, ಪುಣೆಗೆ ಹೋಗುವ ತಂದೆತಾಯಿಯ ಜೊತೆ ಹೊರಡುವ ಮಕ್ಕಳಿಗೂ ಪುಸ್ತಕ ಕೊಡುತ್ತೇನೆ. ರಿಜಿಸ್ಟರಿನಲ್ಲಿ ಮರಳಿಸುವ ದಿನ ಜೂನ್ ಕೊನೆ ಎಂದೇ ಬರೆಯುವುದು. ಎರಡು ವಾರ ಎಂದರೆ ದಂಡಕ್ಕೆ ಹೆದರಿ ಅವರು ಪುಸ್ತಕವನ್ನೇ ಮುಟ್ಟುವುದಿಲ್ಲ.