ನನ್ನ ಲ್ಯಾಪ್‌ಟಾಪಲ್ಲಿ ಸರಿ, ಭೋಸರಿಯಲ್ಲಿ ನಾಲ್ಕು ಪಟ್ಟು

ಪುಣೆಯ ಭೋಸರಿಯ ಒಂದು ಕಾರ್ಖಾನೆಗೆ ಲೇಬಲ್ ಪ್ರಿಂಟ್ ಮಾಡುವ ವಿಂಡೋಸ್ ಸರ್ವಿಸ್ (ತೆರೆಯ ಹಿಂದೆ ಓಡುತ್ತಲೇ ಇರುವ ಪ್ರೋಗ್ರಾಂ) ಬರೆದಿದ್ದು ನಾನೇ. ಶಿಫ್ಟ್ ಬದಲಾಗುವಾಗ ಅದು ತೆವಳುತ್ತಿತ್ತು. ಮಾನಿಟರಿಂಗ್ ಟೂಲ್ ಮಾರುವವರು ವರ್ಷಕ್ಕೆ ಸುಮಾರು ಎರಡೂವರೆ ಲಕ್ಷ ಕೇಳಿದರು. ನಾನು, ಪರ್ಫಾರ್ಮೆನ್ಸ್ ಕೌಂಟರ್ (ಪ್ರೋಗ್ರಾಂ ಒಳಗಿನ ಎಣಿಕೆಯನ್ನು ಹೊರಗೆ ತೋರಿಸುವ ವಿಂಡೋಸ್ ಮೀಟರ್) ಸಾಕು, ಅದನ್ನು ಗ್ರಾಫ್ ಮಾಡಿ ತೋರಿಸುವ ಪರ್ಫ್‌ಮಾನ್ ವಿಂಡೋಸ್ ಜೊತೆಗೇ ಪುಕ್ಕಟೆ ಇದೆ ಅಂದೆ. ಜೊತೆಗಿದ್ದ ಹುಬ್ಬಳ್ಳಿಯ ಗೆಳೆಯ ನಕ್ಕ: "ಅದು ಯಾವ ಕಾಲದ್ದೋ ಮಾರಾಯಾ, ಈಗ ಯಾರ್ ಮುಟ್ಟತಾರ ಅದನ್ನ?"

ಮೊದಲ ದಿನವೇ ಮುಗ್ಗರಿಸಿದೆ. ಕೆಟಗರಿ (ಕೌಂಟರ್‌ಗಳ ಗುಂಪು) ಸೃಷ್ಟಿಸುವ ಕೋಡನ್ನು ಸರ್ವಿಸ್ ಒಳಗೇ ಇಟ್ಟಿದ್ದೆ. ಅದಕ್ಕೆ ಅಡ್ಮಿನ್ ಹಕ್ಕು ಬೇಕು, ಸರ್ವಿಸ್ ಓಡುವ ಅಕೌಂಟಿಗೆ ಅದು ಇರಲಿಲ್ಲ. ಇನ್‌ಸ್ಟಾಲರಿಗೆ ಸಾಗಿಸಿದೆ, ಮುಗೀತು.

ನಿಜವಾದ ಪೆಟ್ಟು ಬಿದ್ದಿದ್ದು ಆವರೇಜ್‌ಟೈಮರ್32, ಅಂದರೆ ಒಂದು ಕೆಲಸಕ್ಕೆ ಸರಾಸರಿ ಎಷ್ಟು ಸೆಕೆಂಡ್ ಅಂತ ತೋರಿಸುವ ಕೌಂಟರ್ ಕಡೆಯಿಂದ. ಡೇಟಾಬೇಸ್ ಕ್ವೆರಿಯ ಸಮಯವನ್ನು ಡೇಟ್‌ಟೈಮ್ ಟಿಕ್ಸ್‌ನಲ್ಲಿ (ಸೆಕೆಂಡಿಗೆ ಒಂದು ಕೋಟಿ ಟಿಕ್) ಅಳೆದು ತುಂಬಿದ್ದೆ. ನನ್ನ ವಿಂಡೋಸ್ 10 ಲ್ಯಾಪ್‌ಟಾಪಲ್ಲಿ 0.2 ಸೆಕೆಂಡ್, ಸರಿಯಾಗೇ ಇತ್ತು. ಕಾರ್ಖಾನೆಯ ಹಳೇ ಸರ್ವರಲ್ಲಿ 0.8! ಡೇಟಾಬೇಸೇ ಕಳ್ಳ ಅಂತ ತೀರ್ಮಾನಿಸಿ ಅವರಿಂದ ಎಸ್‌ಎಸ್‌ಡಿ ತರಿಸಿದೆ, ಹದಿನೆಂಟು ಸಾವಿರವೋ ಏನೋ. ಏನೂ ಬದಲಾಗಲಿಲ್ಲ. ಆ ದುಡ್ಡನ್ನು ನನ್ನ ಬಿಲ್ಲಿನಲ್ಲೇ ಮುರಿದುಕೊಂಡರು. ಹಿಂಜವಡಿಯಿಂದ ಆ ಟ್ರಾಫಿಕ್‌ನಲ್ಲಿ ನಾಲ್ಕು ಸಲ ಓಡಾಡಿದ್ದು ಬೇರೆ.

ಆಮೇಲೆ ಸ್ಟಾಪ್‌ವಾಚ್ ಫ್ರೀಕ್ವೆನ್ಸಿ (ಆ ಮಷಿನ್ನಿನ ಸೂಕ್ಷ್ಮ ಗಡಿಯಾರ ಸೆಕೆಂಡಿಗೆ ಎಷ್ಟು ಟಿಕ್ ಹೊಡೆಯುತ್ತದೆ ಅನ್ನೋ ಸಂಖ್ಯೆ) ಪ್ರಿಂಟ್ ಮಾಡಿ ನೋಡಿದೆ. ನನ್ನಲ್ಲಿ ಸೆಕೆಂಡಿಗೆ ಸರಿಯಾಗಿ ಒಂದು ಕೋಟಿ, ಅಂದರೆ ಡೇಟ್‌ಟೈಮ್‌ನಷ್ಟೇ. ಅಲ್ಲಿ ಸುಮಾರು 25 ಲಕ್ಷ. ಕೌಂಟರ್ ಭಾಗಿಸೋದು ಈ ಸಂಖ್ಯೆಯಿಂದ. ನಾಲ್ಕು ಪಟ್ಟು ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ವಾ? ಡೇಟ್‌ಟೈಮ್ ಬದಲು ಅದೇ ಗಡಿಯಾರ ಓದುವ ಸ್ಟಾಪ್‌ವಾಚ್ ಗೆಟ್‌ಟೈಮ್‌ಸ್ಟ್ಯಾಂಪ್ ಹಾಕಿದೆ, 0.2 ಆಯಿತು.

ಹಾಗಾದರೆ ಕಳ್ಳ ಯಾರು? ಪ್ರಿಂಟಿಗೆ ಕಾದಿರುವ ಕ್ಯೂ ಎಷ್ಟು ಉದ್ದ ಅಂತ ನೋಡಲು ಇನ್ನೊಂದು ಕೌಂಟರ್ ಇಟ್ಟೆ. ಅದು ಮೈನಸ್ 3 ತೋರಿಸಿತು. ಬಹಳ ಥ್ರೆಡ್‌ಗಳು (ಒಂದೇ ಪ್ರೋಗ್ರಾಂ ಒಳಗೆ ಒಟ್ಟಿಗೇ ಓಡುವ ಕೆಲಸಗಳು) ಸೇರಿ ಕೌಂಟರಿನ ಸಂಖ್ಯೆಯಾದ ರಾವ್‌ವ್ಯಾಲ್ಯೂ ಮೇಲೆ ಪ್ಲಸ್ ಪ್ಲಸ್ ಮಾಡುತ್ತಿದ್ದವು, ಲೆಕ್ಕ ಕಳೆದುಹೋಗುತ್ತಿತ್ತು. ಥ್ರೆಡ್‌ಗಳು ಒಂದರ ಲೆಕ್ಕ ಇನ್ನೊಂದು ಅಳಿಸದಂತೆ ಕೂಡಿ ಕಳೆಯುವ ಇಂಕ್ರಿಮೆಂಟ್, ಡಿಕ್ರಿಮೆಂಟ್‌ಗೆ ಬದಲಿಸಿದ ಮೇಲೆ ಗೆರೆ ನೆಟ್ಟಗಾಯಿತು. ಶಿಫ್ಟ್ ಬದಲಾಗುವಾಗ ಕ್ಯೂ ನಾನೂರು ದಾಟುತ್ತಿತ್ತು. ಪೇಪರ್ ಮುಗಿದ ಒಂದೇ ಒಂದು ಪ್ರಿಂಟರ್ ಎಲ್ಲ ಪ್ರಿಂಟರಿಗೂ ಇದ್ದ ಒಂದೇ ಲಾಕ್ (ಒಮ್ಮೆಗೆ ಒಬ್ಬರನ್ನೇ ಒಳಬಿಡುವ ಬೀಗ) ಹಿಡಿದು ಕೂತಿತ್ತು. ನನ್ನದೇ ಲಾಕ್, ನನ್ನದೇ ಕೋಡ್. ಪ್ರಿಂಟರಿಗೊಂದು ಲಾಕ್ ಕೊಟ್ಟೆ.

ನಡುವೆ ಸುಮ್ನೆ ಇನ್ನೊಂದು ಪ್ರಯೋಗ: ಒಂದೇ ಹೆಸರಿನ ಮೂರು ಪ್ರಾಸೆಸ್ ಓಡಿಸಿ ಒಂದನ್ನು ಕೊಂದೆ. ಒಂದೇ ಹೆಸರಿನವನ್ನು ಬೇರೆ ಮಾಡಲು ಹೆಸರಿನ ಮುಂದೆ ಬರುವ ಗುರುತು ಹ್ಯಾಶ್ 2 (#2) ಇದ್ದದ್ದು ಹ್ಯಾಶ್ 1 ಆಗಿಬಿಟ್ಟಿತು, ಗ್ರಾಫ್ ಬೇರೆಯವರದ್ದಾಯಿತು. ಪ್ರತಿ ಪ್ರಾಸೆಸ್ಸಿನ ಗುರುತಿನ ಸಂಖ್ಯೆ ಹೇಳುವ ಐಡಿ ಪ್ರಾಸೆಸ್ ಕೌಂಟರ್ ಓದಿ ಹೊಂದಿಸಬಹುದು. ನಾನು ಅದನ್ನು ಇನ್ನೂ ಅಗ್ಗವಾಗಿ ಮಾಡುತ್ತೇನೆ. ಹೇಗೆ ಅಂತ ಬರೆಯಲ್ಲ, ಅನ್ನ ಕೊಡುವ ವಿದ್ಯೆ ಅದು.

ಒಟ್ಟು ಮೂರು ವಾರ, ಕೈಗೆ ಬಂದದ್ದು ನಲವತ್ತು ಸಾವಿರದ ಆಸುಪಾಸು. ಹುಬ್ಬಳ್ಳಿಯವನು ಮೊನ್ನೆ ಫೋನ್ ಮಾಡಿ ಆ ಇನ್‌ಸ್ಟಾಲರ್ ಕೋಡ್ ಕೇಳಿದ.