‘ಎರಡು ಮೀನನ್ನು ಹಿಡಿಯಲಿಲ್ಲ’: ನಾಲ್ಕು ವರ್ಷದವರ ಜತೆ ಪರೀಕ್ಷೆ

‘ಬೆಕ್ಕು ಎರಡು ಮೀನನ್ನು ಹಿಡಿಯಲಿಲ್ಲ.’ ಹಿಡಿದದ್ದು ಎರಡಲ್ಲ ಎಂದೂ ಆಗುತ್ತದೆ, ತಪ್ಪಿಸಿಕೊಂಡದ್ದು ಎರಡು ಎಂದೂ ಆಗುತ್ತದೆ. ನಾಲ್ಕು ವರ್ಷದ ಮಕ್ಕಳು ಯಾವ ಅರ್ಥ ಹಿಡಿಯುತ್ತಾರೆ ಎಂದು ನೋಡಲು ಮಂಗಳೂರಿನ ಬಾಲವಾಡಿಗಳಿಗೆ ನಾನು ಒಯ್ಯುವ ಸಾಮಾನು: ಆಟದ ಬೆಕ್ಕು, ರಟ್ಟಿನ ನಾಲ್ಕು ಬಂಗುಡೆ, ಬುಟ್ಟಿ, ಒಂದು ಕೈಗೊಂಬೆ. ಗೊಂಬೆ ಬೇಕೇ ಬೇಕು. ಟೀಚರ್ ಹೇಳಿದ್ದನ್ನು ತಪ್ಪು ಎನ್ನಲು ಮಕ್ಕಳು ಹಿಂಜರಿಯುತ್ತಾರೆ, ಗೊಂಬೆಗಾದರೆ ಧಾರಾಳವಾಗಿ ಹೇಳುತ್ತಾರೆ.

ಮೊದಲು ‘ಮೂರು ಮೀನು ಕೊಡು’ ಎನ್ನುತ್ತೇನೆ. ಸಿಕ್ಕಷ್ಟು ಬಾಚಿ ಕೊಡುವ ಮಗುವಿಗೆ ಈ ಆಟ ಇನ್ನೂ ಬೇಡ. ಬೆಕ್ಕು ಎರಡನ್ನು ಹಿಡಿದು ಬುಟ್ಟಿಗೆ ಹಾಕುತ್ತದೆ, ಉಳಿದೆರಡಕ್ಕೆ ಹಾರಿ ಸೋಲುತ್ತದೆ. ನಾಲ್ಕೂ ಕಣ್ಣೆದುರೇ ಇರಬೇಕು. ಆಗ ಗೊಂಬೆ ‘ಬೆಕ್ಕು ಎರಡು ಮೀನನ್ನು ಹಿಡಿಯಲಿಲ್ಲ’ ಎನ್ನುತ್ತದೆ; ಅದು ಸರಿಯೋ ತಪ್ಪೋ ಎಂದು ಕೇಳಿದವರು ಹೇಳಬೇಕು. ದೊಡ್ಡವರು ಸಾಮಾನ್ಯವಾಗಿ ಒಪ್ಪುತ್ತಾರೆ. ಮಕ್ಕಳು? ‘ಸುಳ್ಳು! ಬುಟ್ಟಿಯಲ್ಲಿ ಎರಡು ಉಂಟಲ್ಲ ಟೀಚರ್!’

ಅಂದರೆ ಮಕ್ಕಳು ಹಿಡಿಯುವುದು ‘ಹಿಡಿದದ್ದು ಎರಡಲ್ಲ’ ಎಂಬ ಮೊದಲ ಅರ್ಥವನ್ನು. ಇಂಗ್ಲಿಷ್ ಮತ್ತು ಕನ್ನಡ ಆಡುವ ಮಕ್ಕಳನ್ನು ಪರೀಕ್ಷಿಸಿ ಭಾಷಾವಿಜ್ಞಾನಿಗಳಾದ ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ 2002ರಲ್ಲಿ ಪ್ರಕಟಿಸಿದ್ದೂ ಇದನ್ನೇ. ಇಂಗ್ಲಿಷಿನಲ್ಲಿ ‘ಇಲ್ಲ’ ಎನ್ನುವ ಪದ (not) ಮೊದಲು, ಸಂಖ್ಯೆ ಆಮೇಲೆ. ಹಾಗಾಗಿ ಮಕ್ಕಳು ಕೇಳಿದ ಕ್ರಮದಲ್ಲೇ ಅರ್ಥ ಕಟ್ಟುತ್ತಾರೆ ಎನ್ನಬಹುದಿತ್ತು. ಕನ್ನಡದಲ್ಲಿ ‘ಇಲ್ಲ’ ಬರುವುದು ಕೊನೆಗೆ, ಆದರೂ ಮಕ್ಕಳ ಉತ್ತರ ಅದೇ. ಅಂದರೆ ಕೆಲಸ ಮಾಡುವುದು ಪದಗಳ ಕ್ರಮವಲ್ಲ, ವಾಕ್ಯದ ಒಳರಚನೆ.

ಹಾಳಾಗುವುದು ಹೆಚ್ಚಾಗಿ ವಾಕ್ಯ ಹೇಳುವಾಗ. ಮಾತಿನ ಓಘದಲ್ಲಿ ‘ಎರಡು ಮೀನು’ ಎಂದುಬಿಟ್ಟರೆ, ‘ಅನ್ನು’ ಬಿದ್ದುಹೋಗಿ, ‘ತಪ್ಪಿಸಿಕೊಂಡದ್ದು ಎರಡು’ ಎಂಬ ಅರ್ಥ ದೊಡ್ಡವರಿಗೂ ಹೊಳೆಯುವುದು ಕಷ್ಟ. ‘ಎರಡೂ’ ಎಂದು ಎಳೆದರಂತೂ ವಾಕ್ಯವೇ ಬೇರೆ. ಸಂಖ್ಯೆಯ ಮೇಲೆ ಒತ್ತು ಬಿದ್ದರೂ ಅರ್ಥ ಒಂದು ಕಡೆಗೆ ವಾಲುತ್ತದೆ. ಅದಕ್ಕೇ ಗೊಂಬೆಯ ಮಾತನ್ನು ಮೊದಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟು, ಎಲ್ಲರಿಗೂ ಅದನ್ನೇ ಕೇಳಿಸುತ್ತೇನೆ.

ಎಲ್ಲದಕ್ಕೂ ‘ಹೌದು’ ಎಂದು ತಲೆಯಾಡಿಸುವವರೂ ಇರುತ್ತಾರೆ. ನಡುವೆ ‘ಬೆಕ್ಕು ಮಲಗಿತು’ ಎಂಬಂಥ ಶುದ್ಧ ಸುಳ್ಳು ಸೇರಿಸಬೇಕು. ಎರಡೇ ಮೀನಿಟ್ಟು ಒಂದನ್ನಷ್ಟೇ ಹಿಡಿಸುವ ಸುತ್ತೂ ಬೇಕು: ಅಲ್ಲಿ ಮಕ್ಕಳ ಅರ್ಥಕ್ಕೆ ‘ಸರಿ’ಯೇ ಉತ್ತರ. ಪ್ರತಿಸಲವೂ ‘ಯಾಕೆ?’ ಎಂದು ಕೇಳದಿದ್ದರೆ ಬರೀ ಹೌದು–ಅಲ್ಲದಿಂದ ಏನೂ ತಿಳಿಯದು.

ಇಷ್ಟರಿಂದ ಮಗುವಿಗೆ ಎರಡನೆಯ ಅರ್ಥ ಗೊತ್ತೇ ಇಲ್ಲ ಎಂದು ಬರೆದುಬಿಡುವುದು ಅವಸರ. ‘ನಾಲ್ಕನ್ನೂ ಹಿಡಿದೇ ಹಿಡಿಯುತ್ತೇನೆ’ ಎಂದು ಬೆಕ್ಕಿನಿಂದ ಮೊದಲೇ ಹೇಳಿಸಿದರೆ, ತಪ್ಪಿಸಿಕೊಂಡ ಎರಡರತ್ತ ಗಮನ ಹೋಗಿ ‘ಸರಿ’ ಎನ್ನುವವರು ಹೆಚ್ಚುತ್ತಾರೆ. ಈ ಮಾತು ಹೇಳಿಸಿದ ಸುತ್ತು, ಹೇಳಿಸದ ಸುತ್ತು ಎರಡನ್ನೂ ಒಂದೇ ಹಾಳೆಯಲ್ಲಿ ಕೂಡಿಸಬಾರದು.