ಹಿಡಿಸಿದ್ದು ಒಂದು, ಉಳಿದದ್ದು ಇನ್ನೊಂದು

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಕಲಿಸುತ್ತೇನೆ. ಬರುವವರಲ್ಲಿ ಬಹುಪಾಲು ಕನ್ನಡ ಮಾಧ್ಯಮದಲ್ಲಿ ಓದಿದವರು. ಗದಗ, ಹಾವೇರಿ ಕಡೆಯಿಂದ ಬಂದು ಪಿಜಿಯಲ್ಲಿದ್ದುಕೊಂಡು ಬ್ಯಾಂಕ್, ಪಿಎಸ್‌ಐ ಪರೀಕ್ಷೆಗೆ ತಯಾರಾಗುವವರು ಹೆಚ್ಚು. ಹುಬ್ಬಳ್ಳಿಯಲ್ಲಿ ಕೆಲಸ ಮುಗಿಸಿ ಚಿಗರಿ ಬಸ್ ಹತ್ತಿ ಬರುವವರೂ ಒಂದಿಷ್ಟು ಮಂದಿ ಇದ್ದಾರೆ. ಪ್ರತಿ ಬ್ಯಾಚಿನಲ್ಲೂ ಒಬ್ಬರಲ್ಲ ಒಬ್ಬರು ಮೊದಲ ವಾರವೇ ಹೇಳುವ ಮಾತಿದು: “ಸರ, ಕೇಳಿದ್ದು ಪಟ್ ಅಂತ ತಲ್ಯಾಗ ಕುಂದರ್ತೈತ್ರಿ, ಓದಿದ್ದು ಉಳಿಯೂದಿಲ್ಲ.” ಹೇಗೆ ಗೊತ್ತು ಎಂದು ಕೇಳಿದರೆ, ಮೊಬೈಲಿನಲ್ಲಿ ಯಾವುದೋ ಪ್ರಶ್ನಾವಳಿಗೆ ಟಿಕ್ ಹಾಕಿದ್ದಾರೆ, ಅದು ಹಾಗಂದಿದೆ.

ಇಂಥ ಪ್ರಶ್ನಾವಳಿಗಳಲ್ಲಿ ಹೆಸರಾದದ್ದು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ 1987ರಲ್ಲಿ ರೂಪಿಸಿದ ‘ವಾರ್ಕ್’. ನೋಡಿ, ಕೇಳಿ, ಓದಿ-ಬರೆದು, ಮಾಡಿ ಕಲಿಯುವವರು ಎಂದು ಅದರಲ್ಲಿ ನಾಲ್ಕು ಬಗೆ. ತಾನು ಹೇಗೆ ಕಲಿಯುತ್ತೇನೆ ಎಂದು ವಿದ್ಯಾರ್ಥಿ ಒಂದು ಗಳಿಗೆ ಕೂತು ಯೋಚಿಸಿದರೆ ಒಳ್ಳೆಯದೇ. ತೊಂದರೆ ಶುರುವಾಗುವುದು ಆಮೇಲೆ. ಬಂದ ಉತ್ತರ ಜಾತಿ ಪ್ರಮಾಣಪತ್ರದ ಹಾಗೆ ಜನ್ಮಪೂರ್ತಿ ಜೊತೆಗಿರುತ್ತದೆ. 2008ರಲ್ಲಿ ಮನೋವಿಜ್ಞಾನಿ ಹೆರಾಲ್ಡ್ ಪ್ಯಾಷ್ಲರ್ ಮತ್ತು ಸಂಗಡಿಗರು ಈ ಕುರಿತ ಸಂಶೋಧನೆಗಳನ್ನೆಲ್ಲ ಜಾಲಾಡಿದರು. ಜನರಿಗೆ ಇಷ್ಟಾನಿಷ್ಟಗಳಿರುವುದು ಹೌದು, ಆದರೆ ಅವರವರ ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದರು.

ಹಾಗಂತ ನಾನು ವಿಷಯವನ್ನೇ ಬಿಟ್ಟುಬಿಡಲಿಲ್ಲ. ತನ್ನ ತಲೆ ಹೇಗೆ ಓಡುತ್ತದೆ ಎಂಬ ಕುತೂಹಲ ಇಪ್ಪತ್ತರ ಹುಡುಗರಿಗೆ ವ್ಯಾಕರಣಕ್ಕಿಂತ ದೊಡ್ಡದು. ಆ ಕುತೂಹಲವನ್ನೇ ಬಳಸಿಕೊಂಡೆ. ಟಿಕ್ ಹಾಕುವ ಬದಲು ಪರೀಕ್ಷೆ ಮಾಡಿ ನೋಡಿ ಎಂದೆ.

ಸೋಮವಾರ 20 ಹೊಸ ಶಬ್ದ ಕೊಡುತ್ತೇನೆ. ಐದನ್ನು ವಾಕ್ಯದ ಸಮೇತ ತಮ್ಮದೇ ದನಿಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಬೇಕು. ಐದನ್ನು ಕೈಯಿಂದ ಬರೆಯಬೇಕು. ಐದಕ್ಕೆ ಚಿತ್ರ, ಎಂಥ ಸೊಟ್ಟ ಚಿತ್ರವಾದರೂ ಸರಿ. ಉಳಿದ ಐದನ್ನು ಪಕ್ಕದವರ ಜೊತೆ ಅಭಿನಯಿಸಿ ಮಾತಾಡಬೇಕು. ಎಲ್ಲಕ್ಕೂ ಸಮಾನ ಹೊತ್ತು. ಕ್ಲಾಸನ್ನು ನಾಲ್ಕು ಗುಂಪು ಮಾಡುತ್ತೇನೆ. ಒಂದು ಗುಂಪು ಕೇಳಿದ ಶಬ್ದಗಳನ್ನು ಇನ್ನೊಂದು ಗುಂಪು ಬರೆಯುತ್ತದೆ, ಇಲ್ಲದಿದ್ದರೆ ಶಬ್ದವೇ ಸುಲಭವಿತ್ತೋ ದಾರಿ ಸುಲಭವಿತ್ತೋ ತಿಳಿಯುವುದಿಲ್ಲ. ಮನೆಗೆ ಹೋಗುವ ಮುಂಚೆ ಯಾವುದು ಎಷ್ಟು ಹಿಡಿಸಿತು ಎಂದು ಹತ್ತಕ್ಕೆ ಅಂಕ ಹಾಕಬೇಕು. ಎರಡು-ಮೂರು ದಿನ ಬಿಟ್ಟು, ಮೊದಲೇ ಹೇಳದೆ, ಕನ್ನಡ ವಾಕ್ಯ ಓದುತ್ತೇನೆ, ಅವರು ಇಂಗ್ಲಿಷಿನಲ್ಲಿ ಬರೆಯಬೇಕು. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ: ‘ಹಿಡಿಸಿದ್ದು’, ‘ಉಳಿದದ್ದು’.

ಈ ಎರಡು ಕಾಲಂ ಎಷ್ಟೋ ಜನರಲ್ಲಿ ತಾಳೆಯಾಗುವುದಿಲ್ಲ. ಬ್ಯಾಡಗಿಯ ಹುಡುಗಿಯೊಬ್ಬಳು ತಾನು ಕಿವಿಯಿಂದಲೇ ಕಲಿಯುವವಳು ಎಂದು ವಾದಿಸುತ್ತಿದ್ದಳು. ಬಸ್ಸಿನಲ್ಲಿ ಇಯರ್‌ಫೋನ್ ತೆಗೆಯುತ್ತಿರಲಿಲ್ಲ. ‘ಬಾರೋ’, ‘ಲೆಂಡ್’ ಎರಡನ್ನೂ ಎಷ್ಟೋ ಸಲ ಕೇಳಿದ್ದಳು. ಪರೀಕ್ಷೆಯಲ್ಲಿ ಸಾಲ ಕೊಟ್ಟವನು ತಗೊಂಡವನಾದ, ತಗೊಂಡವನು ಕೊಟ್ಟವನಾದ. ಬರೆದು, ಪುಸ್ತಕ ಮುಚ್ಚಿ, ಗೆಳತಿಗೆ ಹೇಳಿದ ಶಬ್ದಗಳು ಮಾತ್ರ ಗಟ್ಟಿಯಾಗಿ ನಿಂತಿದ್ದವು. “ಕೇಳೂಮುಂದ ಎಲ್ಲಾ ಗೊತ್ತೈತಿ ಅನಸ್ತೈತ್ರಿ ಸರ, ಬಾಯಿ ತಗದ್ರ ಬರೂದಿಲ್ಲ” ಎಂದಳು. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ತೋರಿಸಿದ್ದೂ ಇದನ್ನೇ. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರು ಮುಂದು, ಎರಡು ದಿನವೋ ಒಂದು ವಾರವೋ ಬಿಟ್ಟು ಕೇಳಿದರೆ ಓದಿದ್ದನ್ನು ತಾವೇ ನೆನಪಿಸಿಕೊಂಡು ಬರೆದವರು ಮುಂದು. ನನ್ನ ಪರೀಕ್ಷೆ ಅದೇ ದಿನ ಇರದಿರುವುದಕ್ಕೆ ಕಾರಣ ಅದು.

ಹುಬ್ಬಳ್ಳಿಯ ಗ್ಯಾರೇಜಿನ ಹುಡುಗನ ಕಥೆ ಬೇರೆ. “ಪುಸ್ತಕ ಹಿಡದ್ರ ನಿದ್ದಿ ಬರ್ತೈತ್ರಿ” ಎನ್ನುತ್ತಿದ್ದ. ಸ್ಪ್ಯಾನರ್ ಕೈಯಲ್ಲಿ ಹಿಡಿದು ‘ಐ ಆ್ಯಮ್ ಲೂಸನಿಂಗ್ ದಿ ನಟ್’ ಎಂದು ಹೇಳುತ್ತಾ ಕೆಲಸ ಮಾಡು ಎಂದೆ. ಶಬ್ದಗಳು ಸರಸರ ಬಂದವು. ಆದರೆ ‘ಐ ಡಿಡ್ ನಾಟ್ ವೆಂಟ್’ ಸ್ಪ್ಯಾನರಿನಿಂದ ಸರಿಹೋಗಲಿಲ್ಲ. ‘ಡಿಡ್’ ಬಂದಮೇಲೆ ಕ್ರಿಯಾಪದ ಮೂಲರೂಪಕ್ಕೆ ಮರಳಬೇಕು ಎಂಬುದನ್ನು ಅವನು ಬರೆದು, ತಪ್ಪಿನ ಕೆಳಗೆ ಗೆರೆ ಎಳೆದೇ ಹಿಡಿದ. ಉಚ್ಚಾರಕ್ಕೂ ಹಾಗೇ. ‘ಸ್ಕೂಲ್’ ನಮ್ಮ ಕಡೆ ‘ಇಸ್ಕೂಲ್’ ಆಗುತ್ತದೆ. ಅದಕ್ಕೆ ಕಣ್ಣಿನವರಾಗಲಿ ಕೈಯವರಾಗಲಿ ಕಿವಿ ಕೊಡಲೇಬೇಕು, ತನ್ನ ದನಿ ತಾನೇ ಕೇಳಿಸಿಕೊಳ್ಳಬೇಕು. ದಾರಿಯನ್ನು ಬಹಳ ಸಲ ತೀರ್ಮಾನಿಸುವುದು ಕಲಿಯುವ ವಿಷಯ.

‘ಹಿಡಿಸಿದ್ದು’ ಕಾಲಂ ದಂಡ ಎಂದು ನಾನು ಹೇಳುವುದಿಲ್ಲ. ದಣಿದು ಬಂದ ದಿನ ಅಲ್ಲಿಂದ ಶುರು ಮಾಡಿ ಎನ್ನುತ್ತೇನೆ, ಕೂತರೆ ತಾನೇ ಕಲಿಯುವುದು.

ಮಾಡಿ ನೋಡುವ ಶಿಕ್ಷಕರಿಗೆ ಎರಡು ಮಾತು. ‘ಫೋಲ್ಡ್’, ‘ಪೋರ್’, ‘ಟ್ವಿಸ್ಟ್’ ಎಲ್ಲ ಅಭಿನಯದ ಪಾಲಿಗೇ ಬಿದ್ದರೆ ಅಭಿನಯವೇ ಗೆಲ್ಲುತ್ತದೆ. ‘ಅಫೋರ್ಡ್’, ‘ರಿಫ್ಯೂಸ್’ ತರಹದವನ್ನೂ ಎಲ್ಲ ಪಾಲಿಗೂ ಹಂಚಿ. ಇನ್ನು, ತಮ್ಮ ಕಲಿಕೆಯ ಬಗ್ಗೆ ಹುಡುಗರು ಕನ್ನಡದಲ್ಲೇ, ತಮ್ಮ ಮಾತಿನಲ್ಲೇ ಬರೆಯಲಿ. ಇಂಗ್ಲಿಷಿನಲ್ಲಿ ಬರೆಸಿದರೆ ‘ಗುಡ್’, ‘ವೆರಿ ಗುಡ್’ ಬಿಟ್ಟು ಬೇರೇನೂ ಬರುವುದಿಲ್ಲ. “ಚಿತ್ರ ನೆನಪೈತಿ, ಶಬ್ದ ಹೋಗೈತಿ” ಎಂದು ಒಬ್ಬ ಬರೆದಿದ್ದ. ಮುಂದಿನ ವಾರದಿಂದ ಅವನ ಚಿತ್ರದ ಕೆಳಗೆ ವಾಕ್ಯವನ್ನೂ ಬರೆಸಿದೆ.